ಕುಂಬು ಎಂಬ ಊರಿಲ್ಲ

ಉಮ್ತಾತಾದ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ
ಊರುಗಳ ಹೆಸರು ಕೂಗಿದವನು ಲಿಂಡಿಲೆ.
ಮೈಕಿಲ್ಲ, ಬೋರ್ಡು ಓದುವವರು ಕಡಿಮೆ;
ಅವನ ಬಾಯೇ ಬೋರ್ಡು.
ಕೋಳಿಯ ಕಾಲು ಕಟ್ಟಿ ಹಿಡಿದ ಹೆಂಗಸರು,
ಗಣಿಯಿಂದ ರಜೆಗೆ ಬಂದ ಗಂಡಸರು
ಆ ಕೂಗು ಹಿಡಿದು ಮನೆ ಸೇರಿದರು.

ಜೂನ್ ತಿಂಗಳ ಚಳಿಯಲ್ಲಿ, ಹಲ್ಲುಜ್ಜುವಾಗ,
ತಲೆಯೊಳಗೊಂದು ನರ ಒಡೆಯಿತು.
ತುಟಿ ಒಂದು ಕಡೆಗೆ ಜಾರಿತು.
ಆರು ವಾರಕ್ಕೆ ತುಟಿ ಮರಳಿತು, ಬಲಗೈ ಅರ್ಧ.

ಆಸ್ಪತ್ರೆಯ ಮಾತಿನ ಕೋಣೆಯಲ್ಲಿ ಲಿಜೆಲ್,
ಕೇಪಿನ ಕಡೆಯ ಹುಡುಗಿ,
ಒಂದು ವರ್ಷದ ಕಡ್ಡಾಯ ಸೇವೆಗೆ ಬಂದವಳು.
ಒಳ್ಳೆಯವಳು. ಹೀಟರನ್ನು ಅವನ ಕಾಲ ಬಳಿ ಸರಿಸಿದಳು.
ಚಿತ್ರದ ಕಾರ್ಡು ಒಂದೊಂದಾಗಿ ಎತ್ತಿದಳು:
ಫಿಶ್. ಬಾಲ್. ಅಂಬ್ರೆಲಾ.
ಸ್ನೋಮ್ಯಾನ್ ಬಂದಾಗ ತುಸು ಹೊತ್ತು ನೋಡಿ
'ಹೊಟ್ಟೆ ಬಂದ ಬಿಳಿಯ' ಎಂದ.
ಅವಳು ನಕ್ಕು ಅರ್ಧ ಅಂಕ ಕೊಟ್ಟಳು.
ವರದಿ: ಉಚ್ಚಾರ ಸ್ಪಷ್ಟ. ಇನ್ನು ಬರಬೇಕಿಲ್ಲ.

ಬಾಗಿಲಲ್ಲಿ ನೆಲ ಒರೆಸುತ್ತಿದ್ದ ನೊಬೆಸುಥು ಕೇಳಿದಳು,
'ತಾತಾ, ಈಗ ಹೊರಡುವುದು ಯಾವ ಬಸ್ಸು?'
(ಅವರಲ್ಲಿ ತಾತಾ ಎಂದರೆ ಅಪ್ಪ.)
'ಕುಂಬು' ಅಂದ.
ಒರೆಸುವ ಕೈ ನಿಂತಿತು.
'ಮೇಡಂ, ಇವರಿಗೆ ಇನ್ನೂ ಮಾತು ಬಂದಿಲ್ಲ.
ಕುಂಬು ಅಂತ ಊರೇ ಇಲ್ಲ.'

ಇಲ್ಲಿ ನಾನೂ ನಿಲ್ಲಬೇಕು.
ಆ ಊರಿನ ಮೊದಲ ಸದ್ದು
ನಾಲಿಗೆ ಅಂಗುಳಿಗೆ ಅಂಟಿ, ಬಾಟಲಿಯ ಬಿರಡೆ ಕಿತ್ತಂತೆ
ಬಿಟ್ಟಾಗ ಹುಟ್ಟುವುದು.
ಅಲ್ಪಪ್ರಾಣ ಮಹಾಪ್ರಾಣ ಎಂದು ಉಸಿರನ್ನೂ ತೂಗಿದ
ನನ್ನ ಐದೂ ವರ್ಗ ತಡಕಿದೆ.
ಅದಕ್ಕೆ ಅಕ್ಷರವಿಲ್ಲ.
ಕನ್ನಡದಲ್ಲಿ ನಾನು ಬರೆಯಬಲ್ಲದ್ದು
ಅವನ ತಪ್ಪನ್ನು ಮಾತ್ರ.

ಸದ್ದೇ ಇಲ್ಲವೆಂದಲ್ಲ ನಮ್ಮಲ್ಲಿ.
ಗಾಡಿ ಹೊಡೆಯುವವನು ದವಡೆಯಲ್ಲಿ ಲೊಟಕು ಹಾಕುತ್ತಾನೆ,
ಸಾವಿನ ಸುದ್ದಿಗೆ ಅಜ್ಜಿ ಹಲ್ಲಿನ ಹಿಂದೆ ಲೊಚಗುಟ್ಟುತ್ತಾಳೆ,
ಹಲ್ಲಿ ನುಡಿದರೆ ಕೃಷ್ಣ ಕೃಷ್ಣ ಎಂದು ನೆಲ ತಟ್ಟುತ್ತೇವೆ.
ದನಕ್ಕೆ, ದುಃಖಕ್ಕೆ, ಹಲ್ಲಿಗೆ ಬಿಟ್ಟುಕೊಟ್ಟೆವು,
ಜಗುಲಿಯಲ್ಲೇ ನಿಲ್ಲಿಸಿದೆವು.
ಅಲ್ಲಿ ಅವು ಪದದ ನಡುಮನೆಯಲ್ಲಿ
ಕಾಲು ಚಾಚಿ ಕೂತಿವೆ.

ಅವನ ಹೆಂಡತಿಯ ಹೆಸರಲ್ಲೂ ಕೂತಿದೆ ಒಂದು:
ನೊಮ, ಆಮೇಲೆ ಗಾಡಿಯವನ ಲೊಟಕು, ಆಮೇಲೆ ಆಬಿಸೊ.
ನಲವತ್ತು ದಿನದಿಂದ ಅವಳನ್ನು 'ಏ' ಎನ್ನುತ್ತಿದ್ದ.
ಮುನಿಸು ಅಂದುಕೊಂಡಿದ್ದಳು;
ಕಾಯಿಲೆ ಬಿದ್ದ ಗಂಡಸು ಹೀಗೇ ಅಂದುಕೊಂಡಿದ್ದಳು.

ಲಿಜೆಲ್ ವರದಿ ಹರಿದಳು.
ನೊಬೆಸುಥುಗೆ ಕುರ್ಚಿ ಬಂತು.
ಕೈಗವಸಿನ ರಟ್ಟಿನ ಡಬ್ಬಿ ಕತ್ತರಿಸಿ, ಪೆನ್ನಲ್ಲಿ
ಹೊಸ ಕಾರ್ಡು ಬರೆದರು ಇಬ್ಬರೂ:
ಮೊಟ್ಟೆ, ಚಮಚ, ಆಲೂಗೆಡ್ಡೆಯಂಥ ಕಪ್ಪೆ.
ಮೂರರೊಳಗೂ ಆ ಸದ್ದುಗಳಿವೆ.
ಮೊದಲು ಲಿಜೆಲ್ ಹೇಳಿ ನೋಡಿದಳು.
ಅವಳ ಬಾಯಲ್ಲಿ ಮೊಟ್ಟೆ ಒಡೆಯಲೇ ಇಲ್ಲ.
ಜೂನ್ ಆದಮೇಲೆ ಮೊದಲ ಸಲ
ಲಿಂಡಿಲೆ ನಕ್ಕ, ಎರಡೂ ಕಡೆಯ ತುಟಿಯಲ್ಲಿ.

ಮನೆಯಲ್ಲಿ ಮೂರು ವರ್ಷದ ಮೊಮ್ಮಗಳು ಇವಿವೆ
ಅವಳೂ ಮೊಟ್ಟೆಗೆ 'ಕಾಂಡಾ' ಎನ್ನುತ್ತಾಳೆ.
ಅವಳ ಮೇಲೆ ಯಾರೂ ವರದಿ ಬರೆದಿಲ್ಲ;
ಬೆಳೆಯುವ ಬಾಯಿಗೆ ಅದು ವಯಸ್ಸು,
ಅವನಿಗೆ ಅದೇ ಕಾಯಿಲೆ.
ಬೆಳಿಗ್ಗೆ ಇಬ್ಬರೂ ಒಂದೇ ತಟ್ಟೆಯ ಮುಂದೆ ಕೂತು
ತಪ್ಪು ಹೆಸರಿನ ಮೊಟ್ಟೆ ತಿನ್ನುತ್ತಾರೆ.

ಆಗಸ್ಟಿನಲ್ಲಿ ಇವಿವೆಗೆ ಸಿಕ್ಕಿಬಿಟ್ಟಿತು.
ದಿನವಿಡೀ ಬಿರಡೆ ಕೀಳುತ್ತಾ ಮನೆ ತುಂಬ ಓಡಿದಳು.
ಅವನು ನೋಡುತ್ತಿದ್ದ. ಖುಷಿಯೋ, ಹೊಟ್ಟೆಕಿಚ್ಚೋ.

ಈಗ ಸಂಜೆ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ.
'ಏ' ಎಂದರೆ ಅವಳು ತಿರುಗುವುದಿಲ್ಲ ಈಚೆಗೆ.
ಬೆನ್ನು ಮಾಡಿ, ಸೌಟು ಹಿಡಿದು ಕಾಯುತ್ತಾಳೆ.
'ನೊಮ       ಆಬಿಸೊ.'

ನಡುವೆ ಜಾಗ ಬಿಟ್ಟಿದ್ದೇನೆ.
ಓದುವವರು ನಾಲಿಗೆಯನ್ನು ದವಡೆಗೆ ಒತ್ತಿ
ನೀವೇ ತುಂಬಿಕೊಡಿ,
ಮೆಲ್ಲಗೆ,
ಎತ್ತು ಬೆದರದ ಹಾಗೆ.